ಮೊಮ್ಮಗಳ ತಲೆಯೊಳಗಿನ ದಪ್ಪ ನಾಳ

ಮಂಗಳವಾರ, ಹದಿನಾಲ್ಕನೇ ತಾರೀಖು

ಮೊಮ್ಮಗಳ ಸ್ಕ್ಯಾನ್ ಕೊನೆಗೂ ಸರಿಯಾಗಿ ಬಂತು! ತಲೆಯೊಳಗೆ ಒಂದು ರಕ್ತನಾಳ ದಪ್ಪಗಿದೆ, ಆಪರೇಷನ್ ಬೇಕಾಗಬಹುದು ಎಂದಿದ್ದರು. ಹಿಂದಿನ ಎರಡು ಸಲವೂ ಸ್ಕ್ಯಾನ್ ಯಂತ್ರದ ಸದ್ದಿಗೆ ಹೆದರಿ ಒದ್ದಾಡಿದಳು, ಚಿತ್ರ ಮಸುಕಾಯಿತು. ಅದಕ್ಕೇ, ಸದ್ದು ರೂಢಿಯಾಗಲಿ ಎಂದು ಒಂದು ವಾರ ಅವಳನ್ನು ಮಂಚದ ಕೆಳಗೆ ಮಲಗಿಸಿ, ನಾನು ಮೇಲೆ ಕೂತು ಬಕೆಟ್ ಬಡಿದೆ.

"ಅತ್ತೆ, ಮಗು ಸುಮ್ಮನೆ ಮಲಗಿದೆ, ನನಗೇ ಹುಚ್ಚು ಹಿಡೀತಿದೆ" ಎಂದು ಸೊಸೆ ಕಿವಿ ಮುಚ್ಚಿಕೊಂಡಿದ್ದಳು.

ಇವತ್ತು ಆ ಐದು ವರ್ಷದ ಪೋರಿ ಇಪ್ಪತ್ತು ನಿಮಿಷ ಮಿಸುಕಲಿಲ್ಲ. ಹೊರಗೆ ಬಂದವಳೇ, "ಅಜ್ಜಿ, ಇದಕ್ಕಿಂತ ನಿನ್ನ ಬಕೆಟ್ಟೇ ಜೋರು" ಎಂದಳು.

ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಸಣ್ಣ ನಾಳಗಳೆಲ್ಲ ಕೊಡೆಯ ಕಡ್ಡಿಗಳ ಹಾಗೆ ಬಂದು ಆ ದಪ್ಪ ನಾಳಕ್ಕೆ ಸೇರಿವೆ. "ಹುಟ್ಟಿದಾಗಿನಿಂದ್ಲೂ ಹೀಗೇ ಇದೆ ಅಮ್ಮ. ಆ ಭಾಗದ ರಕ್ತ ಹೃದಯಕ್ಕೆ ವಾಪಸ್ ಹೋಗೋದೇ ಇದರಲ್ಲಿ. ಆಪರೇಷನ್ ಬೇಡ, ತೆಗೆದ್ರೇನೇ ಅಪಾಯ. ಆಡ್ಕೊಂಡಿರ್ಲಿ ಬಿಡಿ."

ಆ ನಾಳ ಕರಗಿಹೋಗಲಿ ಎಂದು ಒಂದು ತಿಂಗಳಿಂದ ದೇವರ ಮುಂದೆ ಹಟ ಹಿಡಿದು ಕೂತಿದ್ದೆನಲ್ಲ! ಸ್ವಾಮಿ, ನೀನು ನನ್ನ ಮಾತು ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ನಾಳೆಯಿಂದ ಅದನ್ನು ಹಾಗೇ ಕಾಪಾಡು ಎಂದು ಬೇಡಿಕೊಳ್ಳುತ್ತೇನೆ.