ಎದ್ದು ನಿಂತು ಹೇಳುವ ಸ್ತೋತ್ರ

ದಾವಣಗೆರೆ
೯ ಅಕ್ಟೋಬರ್ ೧೯೫೮, ಗುರುವಾರ

ಅಮ್ಮಾ, ನಿನ್ನ ಹಿರೀ ಮಗಳ ಪ್ರೀತಿಯ ವಂದನೆಗಳು.

ಮಂಡಿನೋವು ಹೇಗಿದೆ? ಹೊಳೆ ಕಡೆಯ ಗಾಳಿಗೆ ಕೂರಬೇಡ ಎಂದರೆ ಕೇಳುವವಳಲ್ಲ ನೀನು. ನಿನ್ನ ಅಳಿಯ ಕ್ಷೇಮ. ಮಿಲ್ಲಿನಿಂದ ಬಂದು ಅಂಗಿಗೆ ಅಂಟಿದ ಹತ್ತಿ ಕೊಡವುವುದೇ ಅವರಿಗೊಂದು ಕೆಲಸ. ನನಗೆ ಮಾತ್ರ ನಿದ್ದೆಯಿಲ್ಲ. ಮಗು ಮಲಗುತ್ತದೆ, ನಾನು ಅದರ ಉಸಿರು ಕೇಳುತ್ತಾ ಕೂತಿರುತ್ತೇನೆ.

ಈ ಭಾನುವಾರ ಮಗುವನ್ನು ಹರಿಹರಕ್ಕೆ ಕರೆತಂದು, ಹೆತ್ತವರೆಲ್ಲ ಮಾಡುವಂತೆ ಚರ್ಚಿನಲ್ಲಿ ಸಭೆಯ ಮುಂದೆ ಎದ್ದು ನಿಂತು ಸ್ತೋತ್ರ ಹೇಳು ಎಂದು ಬರೆದಿದ್ದೀ. ಲಿಲ್ಲಿ ಹುಟ್ಟಿದಾಗ ಹೇಳಿದೆನಲ್ಲ ಅಮ್ಮಾ. ಹೊಸ ಸೀರೆ ಉಟ್ಟು, ಗಟ್ಟಿ ದನಿಯಲ್ಲಿ ಹೇಳಿದೆ. ಮುಂದಿನ ಭಾನುವಾರಕ್ಕೆ ಅವಳು ಇರಲಿಲ್ಲ. ಜ್ವರ ಎಂದರು ಡಾಕ್ಟರು. ಬಿ.ಎ. ಓದಿದವಳು ನಾನು, ಜ್ವರಕ್ಕೂ ಸ್ತೋತ್ರಕ್ಕೂ ಸಂಬಂಧವಿಲ್ಲವೆಂದು ಬಲ್ಲೆ. ಆದರೂ ಈ ಮಗನ ಹೆಸರೆತ್ತಿ ವಂದಿಸಿದರೆ, ಇವನೊಬ್ಬ ಇಲ್ಲಿದ್ದಾನೆಂದು ಮೇಲಿರುವವನಿಗೆ ನಾನೇ ನೆನಪು ಮಾಡಿಕೊಟ್ಟಂತಾದೀತು ಅನ್ನಿಸುತ್ತದೆ. ನೀನು ಹೇಳಿದಂತೆ ಸತ್ಯವೇದವನ್ನು ದಿನಾ ಓದುತ್ತೇನೆ, ಅಲ್ಲೂ ಅನುಮಾನವೇ. ಎಲ್ಲದರಲ್ಲೂ ಸ್ತೋತ್ರ ಮಾಡಿರಿ ಎಂದ ಪೌಲನಿಗೆ ಮಕ್ಕಳಿರಲಿಲ್ಲ. ಹರಕೆ ಹೊತ್ತು ಮಗನನ್ನು ಪಡೆದ ಹನ್ನಳು ಹಾಡಲಿಲ್ಲವೇ ಎನ್ನುತ್ತೀ. ಯಾವಾಗ ಹಾಡಿದಳು ನೋಡು: ಹಾಲು ಬಿಡಿಸಿದ ಮಗನನ್ನು ದೇವಾಲಯದಲ್ಲಿ ಒಪ್ಪಿಸಿ ಬಿಟ್ಟುಬಂದ ದಿನ! ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಇದನ್ನು ಬಿಡಿಸಿ ಹೇಳುವುದೇ ಇಲ್ಲ. ಅರಣ್ಯದಲ್ಲಿ ಹಸಿದವರಿಗೆ ಆಕಾಶದಿಂದ ಸುರಿದ ಮನ್ನ ಎಂಬ ಆಹಾರ ಒಂದೇ ನನಗೆ ನಂಬಿಕೆ ಹುಟ್ಟಿಸಿದ್ದು. ದೇವರು ಆಯಾ ದಿನಕ್ಕೆ ಸಾಕಾಗುವಷ್ಟೇ ಕೊಟ್ಟ.

ಹೀಗಾಗಿ ಬಂದವರಿಗೆಲ್ಲ ಸುಳ್ಳು ಹೇಳುತ್ತಾ ಬಂದೆ. ಮಗು ಹಾಲು ಕುಡಿಯುವುದಿಲ್ಲ, ಸೊರಗಿದೆ ಎಂದು. ಅದು ಎಲ್ಲಿಗೆ ಮುಟ್ಟಿತೆಂದರೆ, ಹೋದ ಭಾನುವಾರ ಇಲ್ಲಿಯ ಸಭೆಯಲ್ಲಿ ರೋಗಿಗಳ ಪ್ರಾರ್ಥನೆಗೆ ಇವನ ಹೆಸರೂ ಸೇರಿತು. ಎಲ್ಲರೂ ಕಣ್ಣು ಮುಚ್ಚಿ ಬೇಡುತ್ತಿದ್ದರೆ ಇವನು ನನ್ನ ತೊಡೆಯ ಮೇಲೆ ಕುಡಿದ ಹಾಲು ಕಕ್ಕುತ್ತಾ ನಗುತ್ತಿದ್ದ. ಪಕ್ಕದ ಮನೆಯ ಹಜೀರಾಬೀ ಪಾಪ, ಅದೇ ಸುಳ್ಳು ನಂಬಿ ದರ್ಗಾದಿಂದ ಓದಿಸಿದ ನೀರು ತಂದಳು. ನಾನು ತಡೆಯುವಷ್ಟರಲ್ಲಿ ಹೊದಿಕೆ ಸರಿಸಿಯೇಬಿಟ್ಟಳು. "ಯಾ ಅಲ್ಲಾ! ಇದೇನ್ರೀ ಅಕ್ಕಾರ, ಕುಂಬಳಕಾಯಿ ಇದ್ದಂಗೈತೆ! ಇದಕ್ಕಾ ನಾನು ಬಿಸಿಲಾಗ ಅಷ್ಟು ದೂರ ಹೋಗಿ ಬಂದಿದ್ದು?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಮಂದಿ ಮುಂದ ನಾವೂ ಹಿಂಗೇ ಸುಳ್ಳು ಹೇಳ್ತೀವಿ ಬಿಡ್ರಿ. ಮ್ಯಾಲಿನವನ ಮುಂದ ಬ್ಯಾಡ. ಯಾರ ಮನ್ಯಾಗ ಏನೈತೆ ಅಂತ ಕೊಟ್ಟವನಿಗೆ ಗೊತ್ತಿರಲ್ವ?" ಎಂದಳು. ಅಷ್ಟು ಒಳ್ಳೆಯ ಮಾತನ್ನು ಇವಳು ಯಾಕೆ ಆಡಿದಳೆಂದು ಅವಳ ಮೇಲೂ ಅನುಮಾನಪಟ್ಟೆ. ಅವಳು ಹೋದ ಮೇಲೆ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟೆ. ಅಯ್ಯನವರ ಕಿವಿಗೆ ಹಾಕಬೇಡ.

ಭಾನುವಾರದ ಮಾತನ್ನು ಇನ್ನು ಒತ್ತಾಯ ಮಾಡಬೇಡಮ್ಮ. ಅಪ್ಪನಿಗೆ ನಮಸ್ಕಾರ ಹೇಳು. ಕರ್ತನು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ
ಕೃಪಾವತಿ

ತಾ.ಕ.: ನಿನ್ನ ಅಳಿಯ ಟಪಾಲಿಗೆ ಹಾಕಲು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಹಜೀರಾಬೀಯ ಮಾತು ತಲೆಯಿಂದ ಹೋಗುತ್ತಿಲ್ಲ. ಭಾನುವಾರ ಬೆಳಗಿನ ಗಾಡಿಗೆ ಬರುತ್ತೇವೆ. ಎದ್ದು ನಿಲ್ಲುತ್ತೇನೆ; ಪಕ್ಕದಲ್ಲಿ ನೀನಿರು. ಮುಂದಿನ ವಾರದ ಮಾತೆತ್ತುವುದಿಲ್ಲ, ಮನ್ನದ ಹಾಗೆ ಆ ದಿನದ್ದಷ್ಟೇ. ಬಾಯಿಗೆ ಬರುತ್ತದೋ ಇಲ್ಲವೋ ಎಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ: ಮಗು ಚೆನ್ನಾಗಿದ್ದಾನೆ ಅಮ್ಮಾ. ಹೊಟ್ಟೆ ತುಂಬ ಕುಡಿಯುತ್ತಾನೆ. ದೇವರಿಗೆ ಸ್ತೋತ್ರ. ಭಾನುವಾರದವರೆಗೆ ಇದನ್ನು ಯಾರಿಗೂ ಓದಿ ಹೇಳಬೇಡ.