ಅಜ್ಜಿಯ ವಿಮೆ, ನನ್ನ ವಯಸ್ಸು

ಹಮಾದಾ
ನವೆಂಬರ್ ೧೪, ಗುರುವಾರ

ಪ್ರೀತಿಯ ಕೊಹೆಯ್,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಅಜ್ಜಿ ಕಟ್ಟಿಕೊಟ್ಟ ಉಪ್ಪಿನಲ್ಲಿ ಹಾಕಿದ ಹುಳಿ ಉಮೆಕಾಯಿಯನ್ನು ದಿನಕ್ಕೊಂದು ತಿನ್ನುತ್ತಿದ್ದೀಯೋ, ಗೆಳೆಯರಿಗೆ ಹಂಚಿ ಮುಗಿಸಿದ್ದೀಯೋ, ನಿಜ ಹೇಳು. ನಾನೂ ನಿನ್ನ ಅಜ್ಜಿಯೂ ಚೆನ್ನಾಗಿದ್ದೇವೆ. ನಾನಂತೂ ಎಷ್ಟು ಚೆನ್ನಾಗಿದ್ದೇನೆಂದರೆ, ಮದುವೆಯಾಗಿ ಆರು ತಿಂಗಳಾದರೂ ಬಾಗಿಲಿನ ಹೆಸರುಫಲಕದ ಮುಂದೆ ನಿಂತು ದಿನವೂ ಒಮ್ಮೆ ನಗುತ್ತೇನೆ. ಅಂಚೆಯವನು ನೋಡಿಬಿಟ್ಟಿದ್ದಾನೆ.

ಈಗ ಸುದ್ದಿ. ಕಾರಿನ ವಿಮೆ ಇದೇ ಇಪ್ಪತ್ತಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ಕಾಗದ ಬಂದಾಗ ಮೊತ್ತ ನೋಡಿ ನಾನು ಅಲ್ಲೇ ಕುಳಿತುಬಿಟ್ಟೆ. ಹೋದ ನವೆಂಬರಿಗಿಂತ ಹತ್ತಿರಹತ್ತಿರ ಎರಡರಷ್ಟು. ಅಜ್ಜಿಗೆ ಎಂಬತ್ತೆರಡಾಯಿತಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ನಿನ್ನ ಅಕ್ಕ ಸತ್ಸುಕಿ ಹಿರೋಶಿಮಾದಿಂದ ಫೋನಿನಲ್ಲೇ ತೀರ್ಪು ಕೊಟ್ಟರು. ವಿಮೆಯವರೇ ಹೆದರುವ ವಯಸ್ಸಿನಲ್ಲಿ ಕಾರು ಯಾಕೆ, ಲೈಸೆನ್ಸನ್ನು ಪೊಲೀಸರಿಗೆ ಒಪ್ಪಿಸಿಬಿಡಿ, ಕಾರಿಗೆ ಒಂದು ಗೀರು ಬಿದ್ದರೂ ತಾನೇ ಬಂದು ಒಪ್ಪಿಸುತ್ತೇನೆ ಎಂದರು. ಅಜ್ಜಿ ಜಗಳವಾಡುತ್ತಾರೆಂದು ಕಾದೆ. ಆಡಲಿಲ್ಲ. "ಮುದುಕಿ ಹೆಸರು ತೆಗೆಸಿಬಿಡಮ್ಮ, ಅಗ್ಗ ಆಗುತ್ತೆ. ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಬೈತೀನಿ" ಎಂದು ಮೂಲಂಗಿ ತುರಿಯಲು ಹೋದರು. ನನಗೆ ಅಳು ಬಂತು. ಹೋದ ವರ್ಷವಷ್ಟೇ ಲೈಸೆನ್ಸ್ ನವೀಕರಣದ ಜ್ಞಾಪಕಶಕ್ತಿಯ ಪರೀಕ್ಷೆಯಲ್ಲಿ ಹದಿನಾರು ಚಿತ್ರಗಳಲ್ಲಿ ಹದಿನಾಲ್ಕನ್ನು ನೆನಪಿಟ್ಟು ಹೇಳಿದವರು ಅವರು. ಮಂಗಳವಾರ, ಶುಕ್ರವಾರ ಇಬ್ಬರು ಗೆಳತಿಯರನ್ನು ಬಿಸಿನೀರಿನ ಸ್ನಾನಕ್ಕೂ ಕಣ್ಣಿನ ವೈದ್ಯರಲ್ಲಿಗೂ ಕರೆದೊಯ್ಯುವವರು. ನಮ್ಮ ದಾರಿಯ ಬಸ್ಸು ಮಧ್ಯಾಹ್ನ ಎರಡಕ್ಕೇ ಕೊನೆ. ಅಜ್ಜಿ ಸ್ಟಿಯರಿಂಗ್ ಬಿಟ್ಟರೆ ಮೂವರೂ ಮನೆಯೊಳಗೇ ಉಳಿದುಬಿಡುತ್ತಾರೆ.

ಮೂರು ದಿನ ನಾನು ಕಂಪನಿಗಳಿಗೆ ಫೋನ್ ಮಾಡಿದೆ. ಎಂಬತ್ತೆರಡು ಎಂದ ಕೂಡಲೇ ಇಬ್ಬರು ಬಹಳ ವಿನಯದಿಂದ ಕ್ಷಮೆ ಕೇಳಿದರು. ಮೂರನೆಯವಳು ಮನೆಯಲ್ಲಿ ಬೇರೆ ಯಾರು ಓಡಿಸುತ್ತಾರೆ ಎಂದಳು. ಹೊಸ ಹೆಂಡತಿಯ ಜಂಬದಲ್ಲಿ ನನ್ನ ಹೆಸರು ಹೇಳಿದೆ, ಮೊತ್ತ ಇನ್ನೂ ಮೇಲಕ್ಕೆ ಹಾರಿತು. ನನಗೇನೂ ತಿಳಿಯಲಿಲ್ಲ. ನಾನು ಓದಿದ ಕೋಬೆಯ ಇಂಗ್ಲಿಷ್ ಶಾಲೆ ನನಗೆ ವಿಮೆಯ ಕಾಗದ ಓದುವುದನ್ನು ಮಾತ್ರ ಕಲಿಸಲಿಲ್ಲ. ಕೊನೆಗೆ ಅಜ್ಜಿಗೆ ಈ ವಿಮೆ ಮಾಡಿಸಿಕೊಟ್ಟ ಗ್ಯಾರೇಜಿನ ಇವತಾನಿ ಅವರ ಬಳಿಗೇ ಕಾಗದ ಹಿಡಿದು ಹೋದೆ.

ಅವರು ಕೈಯ ಎಣ್ಣೆ ಒರೆಸಿಕೊಂಡು ಕಡತ ತೆಗೆದರು. ಒಂದೊಂದೇ ಹಾಳೆ ತಿರುವಿದರು. ಆಮೇಲೆ, "ನಿಮ್ಮಜ್ಜಿ ಹೇಳಬೇಡ ಅಂದಿದ್ರು, ಆದ್ರೆ ನೀವೇ ಬಂದಿದ್ದೀರಲ್ಲ" ಎಂದರು. ಅಜ್ಜಿಯ ವಿಮೆಯಲ್ಲಿ ಮೂವತ್ತೈದು ದಾಟಿದವರು ಮಾತ್ರ ಓಡಿಸಬಹುದು ಎಂಬ ಷರತ್ತಿತ್ತು. ಅಪಘಾತವೇ ಇಲ್ಲದ ಅಷ್ಟೂ ವರ್ಷಗಳ ರಿಯಾಯಿತಿಯೂ ಸೇರಿ ಅದು ಬಹಳ ಅಗ್ಗವಾಗಿತ್ತು. ನಮ್ಮ ಮದುವೆಗೆ ಮುಂಚೆ, ಏಪ್ರಿಲಿನಲ್ಲಿ, ಅಜ್ಜಿ ಗ್ಯಾರೇಜಿಗೆ ಬಂದು, ಮನೆಗೆ ಇಪ್ಪತ್ತನಾಲ್ಕರ ಹುಡುಗಿ ಬರುತ್ತಿದ್ದಾಳೆ, ಆ ಷರತ್ತು ತೆಗೆದುಬಿಡಿ ಎಂದು, ಅಂದಿನಿಂದ ಹೆಚ್ಚಾದ ಹಣವನ್ನು ತಾವೇ ಕಟ್ಟಿದರಂತೆ. ದುಬಾರಿಯಾಗಿದ್ದು ಅವರ ವಯಸ್ಸಲ್ಲ, ಕೊಹೆಯ್. ನನ್ನದು. ಏಪ್ರಿಲಿನಲ್ಲೇ ಅಲ್ಲವೇ ಅವರು ಅಕ್ಷರ ಕಾಣಿಸುವುದಿಲ್ಲವೆಂದು ದಿನಪತ್ರಿಕೆ ನಿಲ್ಲಿಸಿದ್ದು? ಲೈಸೆನ್ಸಿನ ಕಣ್ಣು ಪರೀಕ್ಷೆಯಲ್ಲಿ ಪಾಸಾದವರಿಗೆ ಪತ್ರಿಕೆ ಕಾಣಿಸುವುದಿಲ್ಲವೇ ಎಂದು ನಾವಿಬ್ಬರೂ ಕೇಳಲೇ ಇಲ್ಲ.

ಮನೆಗೆ ಬಂದು ನನ್ನನ್ನು ವಿಮೆಯಿಂದ ತೆಗೆಸಿ ಎಂದು ಕಾಲು ಹಿಡಿಯುವಷ್ಟು ಬೇಡಿದೆ. ಅಜ್ಜಿ ಗುಟ್ಟು ಬಿಟ್ಟ ಇವತಾನಿ ಅವರಿಗೆ ಒಂದು ಮಾತು ಬೈದರು. ಆಮೇಲೆ ಹೇಳಿದರು: "ಮನೆ ಹೆಣ್ಣಿಗೆ ಕೀಲಿಕೈ ಕೊಟ್ಟು ವಾಪಸ್ ಕೇಳ್ತಾರೇನೇ? ನನಗೂ ಈ ಮನೆಗೆ ಬಂದಾಗ ಸೈಕಲ್ ಮುಟ್ಟೋಕೆ ನಾಲ್ಕು ವರ್ಷ ಬೇಕಾಯ್ತು."

ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಹದಿನೈದು ವರ್ಷದ ಕಾರಿಗೆ ಕಾರಿನದೇ ರಿಪೇರಿಯ ವಿಮೆ ದಂಡ ಎಂದು ಇವತಾನಿ ಅದನ್ನು ಕಿತ್ತುಹಾಕಿದರು. ಪರರಿಗೆ ಆಗುವ ಹಾನಿಗೆ ಪೂರ್ತಿ ರಕ್ಷಣೆ ಉಳಿಸಿದರು, ಓಡಿಸುವವರನ್ನು ಮನೆಯವರಿಗಷ್ಟೇ ಸೀಮಿತ ಮಾಡಿದರು, ವರ್ಷಕ್ಕೆ ಓಡುವ ದೂರ ಕಡಿಮೆ ಎಂದು ಬರೆಸಿದರು. ಮೊತ್ತ ನಮ್ಮ ಕೈಗೆಟಕುವಷ್ಟು ಇಳಿಯಿತು. ಅಜ್ಜಿಯ ಹೆಸರು ಮೊದಲು, ನನ್ನದು ಕೆಳಗೆ. ನಾಳೆಯಿಂದ ಪತ್ರಿಕೆಯೂ ಬರುತ್ತದೆ, ಅದು ನನ್ನ ಸಂಬಳದಲ್ಲಿ. ಇಂಥ ಮನೆಗೆ ನನ್ನನ್ನು ಕರೆತಂದೆಯಲ್ಲ, ನಿನಗೆ ಹೇಗೆ ಕೃತಜ್ಞತೆ ಹೇಳಲಿ?

ಅಜ್ಜಿ ನಿನ್ನನ್ನು ಹರಸಿದ್ದಾರೆ, ಹೊಟ್ಟೆ ಬೆಚ್ಚಗಿಟ್ಟುಕೊಂಡು ಮಲಗಬೇಕಂತೆ.

ನಿನ್ನವಳೇ, ಪೂರ್ತಿ ನಿನ್ನವಳೇ,
ಚಿನಾತ್ಸು

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟು ಕಾರು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಗುದ್ದಿದೆ. ಹಿಂದಿನ ದೀಪ ಪುಡಿ. ನಾನು ಇಳಿಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಿ ಇಳಿದು, ಗುದ್ದಿದ್ದು ತಾನೇ ಎಂದು ಎದುರುಮನೆಯವರಿಗೆ ಹೇಳಿಯಾಗಿತ್ತು. ಅದು ಹಿರೋಶಿಮಾಕ್ಕೆ ಮುಟ್ಟುವ ಮೊದಲೇ ನಾನೇ ಅಕ್ಕನಿಗೆ ಫೋನ್ ಮಾಡಿ ನಿಜ ಹೇಳಿದೆ. ಅಜ್ಜಿಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ ಎಂದರು, ಅಜ್ಜಿಯ ಲೈಸೆನ್ಸ್ ಒಪ್ಪಿಸಲು ಭಾನುವಾರ ಬರುತ್ತಾರಂತೆ. ದಯವಿಟ್ಟು ಬಂದರಿನಲ್ಲಿ ಇಳಿದ ಕೂಡಲೇ ಅವರಿಗೆ ಫೋನ್ ಮಾಡು. ನನ್ನ ಹೆಂಡತಿಗೆ ರಿವರ್ಸ್ ಬರುವುದಿಲ್ಲ ಎಂದು ಹೇಳು. ನೀನು ಹೇಳಿದರೆ ನಂಬುತ್ತಾರೆ.