ಅಬ್ಬಾನ ಅಂಗೈಯ ಕೆಳಗೆ ಅಲುಗಿದ್ದು

ಹಾಸ್ಟೆಲ್, ವಿಜಯಪುರ
14 ಡಿಸೆಂಬರ್ 2024, ಶನಿವಾರ

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಂ. ಅಮ್ಮಿಗೂ ಸಲಾಂ ಹೇಳಿ. ದೀಪಾವಳಿ ಸೂಟಿ ಮುಗಿಸಿ ನಮ್ಮೂರು ಇಂಡಿಯಿಂದ ಬಂದು ತಿಂಗಳ ಮೇಲಾಯಿತು. ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ 'ಇಂಟರ್ನಲ್ಸ್ ಇದೆ' ಎಂದು ನನಗೆ ನಾನೇ ನೆಪ ಹೇಳಿಕೊಂಡು ಎದ್ದೆ. ಕ್ಷಮಿಸಿ. ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀರೇನೋ. ಫೋನ್ ಮಾಡಿದರೆ ನೀವು "ಹೂಂ, ಉಂಡೀ?" ಅಂದು ಅಮ್ಮಿಯ ಕೈಗೆ ಕೊಟ್ಟುಬಿಡುತ್ತೀರಿ. ಐದನೇ ಇಯತ್ತೆಯಲ್ಲಿ ಮೊದಲ ಸಲ ಹಾಸ್ಟೆಲಿಗೆ ಬಿಟ್ಟಾಗ ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದೆನಲ್ಲ, ಹಾಗೆ ಅಂದುಕೊಳ್ಳಿ. ನಡುನಡುವೆ ಇಂಗ್ಲಿಷ್ ನುಸುಳಿದರೆ ಬೈಯಬೇಡಿ. ಹಾಸ್ಟೆಲುಗಳಲ್ಲೇ ಬೆಳೆದವನಿಗೆ ಎರಡೂ ಅರ್ಧರ್ಧ.

ಇಲ್ಲಿ ಎಲ್ಲ ಓಕೆ. ರೊಟ್ಟಿ ಬುಧವಾರ ಮಾತ್ರ. ಮ್ಯಾಥ್ಸ್ ಹೆದರಿದಷ್ಟು ಕೆಟ್ಟಿಲ್ಲ, ಆದರೂ ಹೆದರಿಕೆ ಹೋಗಿಲ್ಲ.

ನಿನ್ನೆ ಫೋನಿನಲ್ಲಿ ಅಮ್ಮಿ ಹೇಳಿದಳು: "ನಿಮ್ಮ ಅಬ್ಬಾ ದಿನಾ ಗ್ಯಾರೇಜ್ ತಗೀತಾರ, ಬರೇ ಪಂಕ್ಚರ್ ಹಚ್ಚತಾರ. ಸ್ಟೇರಿಂಗ್ ಕೆಲಸ ಬಂದ್ರ ಸಿಂದಗಿಗೆ ಹೋಗ್ರಿ ಅಂತಾರ." ನಿಡಗುಂದಿಯಿಂದ ನಿಮ್ಮ ಹೆಸರು ಕೇಳಿಕೊಂಡು ಬಂದವರನ್ನೂ ಹಾಗೆಯೇ ಕಳಿಸಿದಿರಂತೆ. ನಾನು ಊಟಕ್ಕೆ ಹೋಗಲಿಲ್ಲ. ನೀವು ಕೆಲಸ ಬಿಟ್ಟದ್ದು ಯಾವ ದಿನದಿಂದ ಎಂದು ನನಗೆ ಗೊತ್ತು.

ಸೂಟಿಯ ಆ ದಿನ ಹೊರ್ತಿಯ ಚಂದಪ್ಪ ಕಾಕಾ ಹಳೆಯ ಜೀಪು ತಂದಿದ್ದರು. ನಿಂಬೆ ತೋಟದ ದಾರಿಯ ಹಳ್ಳದಲ್ಲಿ ಅದರ ಹೊಟ್ಟೆ ತಾಗುತ್ತದೆಂದು ನಾಲ್ಕು ಇಂಚು ಎತ್ತರಿಸಿ, ದೊಡ್ಡ ಟೈರ್ ಹಾಕಿಸಿದ್ದರು. "ಹಳ್ಳದಾಗ ಆನಿ ಹೋದಂಗ ಹೋಗತೈತಿ ನಿಜಾಮಣ್ಣ. ಹೈವೇದಾಗ ಅರವತ್ತು ಮುಟ್ಟಿ ಒಂದು ತಗ್ಗು ಬಡೀತಂದ್ರ ಮುಂದಿನ ಗಾಲಿ ಎರಡೂ ಥರಥರ ಕುಣೀತಾವು. ನಿಲ್ಲಿಸೋತನಕ ಸ್ಟೇರಿಂಗ್ ಕೈಯಾಗ ನಿಂದ್ರೂದಿಲ್ಲ. ಶೆಟ್ಟೆವ್ವ ಮದಿವಿ ಆದಾಗಿಂದ ನನಗ ಒಂದಿನ ಹೆದರಿಲ್ಲ, ಈ ಜೀಪಿಗೆ ಹೆದರ್ಯಾಳ ನೋಡು" ಎಂದರು. ಎರಡು ಕಡೆ ತೋರಿಸಿದ್ದರಂತೆ. ಒಬ್ಬರು ಗಾಲಿ ಬ್ಯಾಲೆನ್ಸ್ ಮಾಡಿದ್ದರು, ಇನ್ನೊಬ್ಬರು ಡ್ಯಾಂಪರ್ ಕೂಡಿಸಿದ್ದರು. ನೀವು ಬಗ್ಗಿ ನೋಡಿ, "ಡ್ಯಾಂಪರ್ ನಡುಕ ಮುಚ್ಚತೈತಿ, ರೋಗ ಹಂಗ ಇರತೈತಿ. ಮೊದಲ ಇದನ್ನ ಬಿಚ್ಚೂಣು" ಅಂದಿರಿ.

ಆಮೇಲೆ ನಿಮ್ಮ ಪರೀಕ್ಷೆ. ಗಾಲಿ ನೆಲದ ಮೇಲೇ ಇರಬೇಕು, ಒಬ್ಬರು ಸ್ಟೀರಿಂಗನ್ನು ಆಚೆ ನಾಲ್ಕು ಬೆರಳು, ಈಚೆ ನಾಲ್ಕು ಬೆರಳು ಅಲ್ಲಾಡಿಸುತ್ತಿರಬೇಕು. ನೀವು ಕೆಳಗೆ ಮಲಗಿ, ಕಣ್ಣು ಮುಚ್ಚಿ, ಒಂದೊಂದು ಜೋಡಣೆಯ ಮೇಲೆ ಅಂಗೈ ಇಡುತ್ತೀರಿ. ಸಡಿಲವಿದ್ದಲ್ಲಿ ಅಂಗೈಗೆ ಟಕ್ ಎಂದು ಬಡಿಯುತ್ತದೆ. ಕಾಕಾನ ಮಗ ಭೀಮು ಮೇಲೆ ಕೂತ. ನಾನು ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಬೆಳಕು ಹಿಡಿದೆ. "ಬೆಳಕ್ಯಾಕೋ? ಕೈ ಐತಲ್ಲ" ಅಂದಿರಿ ನೀವು.

ಬಲಗಾಲಿಯ ಹತ್ತಿರ, ಎರಡೂ ಗಾಲಿಗಳನ್ನು ಕೂಡಿಸುವ ರಾಡಿನ ತುದಿ. ಭೀಮು ತಿರುಗಿಸಿದಾಗಲೆಲ್ಲ ಅದು ನಿಮ್ಮ ಅಂಗೈಯ ಕೆಳಗೆ ಎದ್ದು ಎದ್ದು ಬೀಳುತ್ತಿತ್ತು. ನಿಮ್ಮ ಬೆರಳುಗಳೂ ಅದರೊಂದಿಗೆ ಕುಣಿಯುತ್ತಿದ್ದವು. ನೀವು ಕಣ್ಣು ಮುಚ್ಚಿಕೊಂಡೇ, "ಇದು ಸರಿ ಐತಿ. ಮುಂದ" ಅಂದಿರಿ.

ಕಾಕಾ ಚಹಾಕ್ಕೆ ಹೋಗುವವರೆಗೆ ನಾನು ಕಾಯಬಹುದಿತ್ತು. ಕಾಯಲಿಲ್ಲ. "ಅಬ್ಬಾ, ಲೂಸ್ ಇರೂದು ಅದೇ. ಕೈ ಅದರ ಮ್ಯಾಲೇ ಇಟ್ಟೀರಿ, ಗೊತ್ತಾಗವಲ್ದೇನ್ರಿ?"

"ಇಂಜಿನಿಯರ್ ಸಾಹೇಬ ಬಂದ, ಇನ್ನ ನೀ ಎದ್ದು ಚಾ ಕುಡಿ ನಿಜಾಮಣ್ಣ" ಎಂದು ಕಾಕಾ ನಕ್ಕರು. ನೀವೂ ನಕ್ಕಿರಿ. "ಜೋರ್ ಅಲ್ಲಾಡಸೋ ಭೀಮು" ಎಂದು ಮತ್ತೆ ಅಂಗೈ ಇಟ್ಟಿರಿ. ಕೈ ಬದಲಿಸಿದಿರಿ. ಕೊನೆಗೆ ತೋಳು ಮೇಲೆ ತಂದು ಮಣಿಕಟ್ಟಿನ ಒಳಬದಿಯನ್ನು ಅದಕ್ಕೆ ಒತ್ತಿದಿರಿ. ಆಗ ನಿಮ್ಮ ಮುಖ ಬದಲಾಯಿತು. "ಹೌದು. ಐತಿ" ಅಂದಿರಿ, ಬಹಳ ಮೆಲ್ಲಗೆ.

ನಾನು ಅಲ್ಲಿಗೂ ಸುಮ್ಮನಾಗಲಿಲ್ಲ. ಜೀಪು ಎತ್ತರಿಸಿದ್ದರಿಂದ ಮುಂದಿನ ಆಕ್ಸಲ್ ತಿರುಗಿದೆ, ಗಾಲಿಯನ್ನು ತಾನಾಗಿ ನೇರಕ್ಕೆ ತರುವ ವಾಲು ಕಡಿಮೆಯಾಗಿದೆ ಎಂದು ವೈವಾದಲ್ಲಿ ನಿಂತವನ ಹಾಗೆ ಒದರಿದೆ. ಅದನ್ನು ನನಗೆ ಹೇಳಿಕೊಟ್ಟವರು ನೀವೇ, ನಾನು ಎಂಟನೇ ಇಯತ್ತೆಯಲ್ಲಿದ್ದಾಗ. ನೀವು ಅದನ್ನು ನೆನಪಿಸಲಿಲ್ಲ. ರಾಡಿನ ತುದಿ ಬದಲಿಸಿ, ವಾಲು ಸರಿಯಾಗಲೆಂದು ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಇಳಿಜಾರು ತುಂಡು ಕೊಟ್ಟು, ಸಂಜೆ ಹೊರ್ತಿಯ ಕಡೆ ಎಪ್ಪತ್ತರಲ್ಲಿ ಓಡಿಸಿದೆವು. ಸ್ಟೀರಿಂಗ್ ಮಿಸುಕಲಿಲ್ಲ. ಕಾಕಾ ನನ್ನ ಬೆನ್ನು ಚಪ್ಪರಿಸಿದರು. ನೀವು ಹಿಂದಿನ ಸೀಟಿನಲ್ಲಿ ಕೂತಿದ್ದಿರಿ. ಟ್ರಯಲ್ಲಿಗೆ ಹೋದ ಗಾಡಿಯಲ್ಲಿ ನೀವು ಹಿಂದೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಇಲ್ಲಿಯ ಡಾಕ್ಟರರನ್ನು ಕೇಳಿದೆ. ನಿಮ್ಮ ಹಾಗೆ ಸಕ್ಕರೆ ಕಾಯಿಲೆ ಹಳೆಯದಾದರೆ ಬೆರಳಿನ ನರಗಳು ಮಂದವಾಗುತ್ತವಂತೆ. ಅದು ನಿಮ್ಮ ತಪ್ಪಲ್ಲ, ವಯಸ್ಸೂ ಅಲ್ಲ. ಒಮ್ಮೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಸ್ಟೀರಿಂಗ್ ಗಾಡಿಗಳನ್ನು ರವಿವಾರಕ್ಕೆ ಹೇಳಿ. ನಾನು ಬಸ್ ಹಿಡಿದು ಬರುತ್ತೇನೆ, ಕೆಳಗೆ ನಾನು ಮಲಗುತ್ತೇನೆ, ನೀವು ಮೇಲೆ ಕೂತು ಅಲ್ಲಾಡಿಸಿ, ಎಲ್ಲಿ ಕೈ ಇಡಬೇಕೆಂದು ಹೇಳಿ. ನನ್ನ ಅಂಗೈಗೆ ಇನ್ನೂ ಏನೂ ಗೊತ್ತಿಲ್ಲ ಅಬ್ಬಾ. ಅವತ್ತು ನಾನು ಕಣ್ಣಿನಿಂದ ಕಂಡದ್ದು, ಅಷ್ಟೇ. ಕಣ್ಣಿದ್ದ ಯಾರಿಗಾದರೂ ಕಾಣುತ್ತಿತ್ತು.

ಔಷಧ ತಪ್ಪಿಸಬೇಡಿ. ಅಮ್ಮಿಯ ಮೊಣಕಾಲಿಗೆ ಎಣ್ಣೆ ತರುತ್ತೇನೆ. ನಮಾಜಿನ ಕೊನೆಗೆ ಕೈ ಎತ್ತಿದಾಗ ನನಗೂ ಒಂದು ಮಾತು ಕೇಳಿಕೊಳ್ಳಿ. ನಿಮ್ಮ ಕೈಗಳಿಗಾಗಿ ನಾನು ಕೇಳಿಕೊಳ್ಳುತ್ತಿದ್ದೇನೆ.

ನಿಮ್ಮ ಮಗ,
ಯಾಸೀನ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಕಾಲೇಜಿನ ಸೆಮಿನಾರಿನಲ್ಲಿ ಈ ಜೀಪಿನ ಮೇಲೆಯೇ ಮಾತಾಡಿ ಬಹುಮಾನ ತೆಗೆದುಕೊಂಡೆ. ಆ ವಿಡಿಯೋವನ್ನು ನೀವು ಪಂಕ್ಚರಿಗೆ ಬಂದವರಿಗೆಲ್ಲ ತೋರಿಸುತ್ತೀರಂತೆ, "ಇಂಗ್ಲಿಷ್‌ನ್ಯಾಗ ಏನ್ ಹೇಳ್ಯಾನ, ಭೀಮು ಬಂದ್ರ ಕೇಳಬೇಕು" ಅನ್ನುತ್ತೀರಂತೆ. ಭೀಮುನ ಬಾಯಿಂದ ಬೇಡ, ನಾನೇ ಹೇಳುತ್ತೇನೆ. ಕೈಯ ಕೆಳಗಿದ್ದರೂ ಮೆಕ್ಯಾನಿಕ್‌ಗೆ ತಿಳಿಯಲಿಲ್ಲ ಎಂದು ನಾನು ಹೇಳಿದಾಗ ಎಲ್ಲರೂ ನಕ್ಕರು. ಸರ್ ಕೇಳಿದರು, ಯಾರು ಆ ಮೆಕ್ಯಾನಿಕ್, ನಿನಗೆ ಪರಿಚಯವೇ ಎಂದು. ನಾನೂ ನಗುತ್ತ, ಇಲ್ಲ ಸರ್, ಪರಿಚಯವಿಲ್ಲ ಅಂದೆ.